ಜೀವಂತ ಕೀಟ ಕಂಡುಬಂದಿಲ್ಲ

ಕಟ್ಟುಕತೆ ಅನ್ನುವವರು ಅನ್ನಲಿ. ಕಿವಿ ಎಂದು ಕರೆಸಿಕೊಳ್ಳುವ ಮನುಷ್ಯನೊಬ್ಬ ಇದ್ದದ್ದು ನಿಜ, ಅವನ ಕಿವಿ ಕೆಟ್ಟದ್ದು ನಿಜ, ಅದನ್ನವನು ಎಂಟು ತಿಂಗಳು ಹೆಂಡತಿಗೂ ಹೇಳದೆ ಹೊತ್ತು ತಿರುಗಿದ್ದೂ ನಿಜ. ಆ ಹೆಸರು ಕೊಟ್ಟವರು ಕೀಟ ಹೊಡೆಯುವ ಕಂಪನಿಯ ಆಫೀಸಿನವರು. ಜಿರಲೆ, ಗೆದ್ದಲು, ತಿಗಣೆ ಎಂದು ಫೋನು ಬಂದರೆ ಕೈಗೆ ಸಿಕ್ಕವರನ್ನು ಕಳಿಸುತ್ತಿದ್ದರು. ಜೀರುಂಡೆ ಎಂದು ಬಂದರೆ ಇವನನ್ನೇ. ಜೀರುಂಡೆ ಸುಲಭಕ್ಕೆ ಕಣ್ಣಿಗೆ ಬೀಳುವ ಪ್ರಾಣಿಯಲ್ಲ. ಹೆಜ್ಜೆ ಸಪ್ಪಳವಾದರೆ ಸುಮ್ಮನಾಗುತ್ತದೆ, ಕೂಗಿದರೆ ನಾಲ್ಕು ಗೋಡೆಯೂ ಕೂಗಿದಂತೆ ಕೇಳಿಸುತ್ತದೆ. ಅದನ್ನು ಹಿಡಿಯುವವನು ಫ್ಯಾನು ಆರಿಸಿ, ಬೂಟು ಕಳಚಿಟ್ಟು, ಕೋಣೆಯ ನಡುವೆ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿ ಕೂರಬೇಕು. ಹತ್ತು ನಿಮಿಷ, ಕೆಲವು ಸಲ ಅರ್ಧ ಗಂಟೆ. ಹಾಗೆ ಕೂತು ತಲೆಯನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಹೊರಳಿಸಿ, ಕಡೆಗೆ ಬೆರಳು ಚಾಚಿ ‘ಆ ಕಪಾಟು, ಹಿಂದಿನ ಕಾಲು’ ಎಂದು ಅವನು ಹೇಳಿದರೆ ಅದು ಅಲ್ಲೇ ಇರುತ್ತಿತ್ತು. ಇಪ್ಪತ್ತೆರಡು ವರ್ಷ ಹಾಗೇ ನಡೆಯಿತು. ಈಗಲೂ ಹಾಗೇ ಕೂರುತ್ತಾನೆ, ಹಾಗೇ ತಲೆ ಹೊರಳಿಸುತ್ತಾನೆ, ಮನೆಯವರು ಉಸಿರು ಬಿಗಿಹಿಡಿದು ಅವನ ಮುಖವನ್ನೇ ನೋಡುತ್ತಾರೆ. ಕೇಳಿಸುವುದು ಮಾತ್ರ ಏನೂ ಇಲ್ಲ.

ಕಿವುಡನಾಗಿದ್ದರೆ ಯಾರಿಗಾದರೂ ಹೇಳಬಹುದಿತ್ತು. ಹಾಗಾಗಿರಲಿಲ್ಲ. ಮಾತು ಕೇಳಿಸುತ್ತಿತ್ತು, ಬಸ್ಸಿನ ಗೊರಗೊರ, ಪಕ್ಕದ ಮನೆಯವರ ಜಗಳ, ಎಲ್ಲ ಮೊದಲಿನ ಹಾಗೇ. ಹೋಗಿದ್ದದ್ದು ತುದಿಯ ಸಣ್ಣ ಸ್ವರ ಮಾತ್ರ, ಸೂಜಿಯಂಥದ್ದು. ಹೆಂಡತಿ ಜ್ವರವೆಂದು ಮಲಗಿದ್ದ ದಿನ ಅವಳ ಕಂಕುಳಲ್ಲಿ ಥರ್ಮಾಮೀಟರು ಇಟ್ಟು ಅದು ಕೂಗುವುದನ್ನೇ ಕಾಯುತ್ತ ಹಾಸಿಗೆಯ ಅಂಚಿನಲ್ಲಿ ಕೂತಿದ್ದ. ಅವಳು ಕಣ್ಣು ಬಿಟ್ಟು, ಆಗಲೇ ಮೂರು ಸಲ ಕೂಗಿತಲ್ಲ, ತೆಗೀಬಾರದೇ, ಅಂದಳು. ಏನೋ ಯೋಚನೆಯಲ್ಲಿದ್ದೆ ಅಂದ. ಮಾರನೆಯ ದಿನ ಕೈಗಡಿಯಾರದ ಅಲಾರಂ ಇಟ್ಟುಕೊಂಡು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ನಿಂತ. ಮುಳ್ಳು ನಿಮಿಷ ದಾಟಿತು. ಗಡಿಯಾರವನ್ನು ಕಿವಿಗೆ ಒತ್ತಿದ, ಹಲ್ಲಿಗೆ ಒತ್ತಿದ. ಹಲ್ಲಿನಲ್ಲಿ ಏನೋ ಸಣ್ಣಗೆ ನಡುಗಿತು. ಹೊರಗಿನಿಂದ ಅವಳು, ಯಾರದ್ರೀ ಅದು ಅಲಾರಂ, ಆಫ್ ಮಾಡಿ, ಅಂದಳು.

ಇವತ್ತು ಬೆಳಿಗ್ಗೆ ಬೈಕಿನ ಹಿಂದೆ ಕೂತು ಹೊರಟಿದ್ದ. ಓಡಿಸುತ್ತಿದ್ದವನು ಭಾವಮೈದ, ಹೆಂಡತಿಯ ತಮ್ಮ, ಆರು ವರ್ಷದಿಂದ ಜೊತೆಯಲ್ಲೇ ಕೆಲಸ. ಹೊರಗಿನ ಕೆಲಸವೆಲ್ಲ ಅವನದು: ಗೋಡೆ ಪಕ್ಕದ ಹುಲ್ಲು ಕತ್ತರಿಸುವುದು, ಒಟ್ಟಿದ ಸೌದೆ, ಹಳೇ ರಟ್ಟಿನ ಪೆಟ್ಟಿಗೆಗಳನ್ನು ಎತ್ತಿಸುವುದು, ಬಾಗಿಲಿನ ಕೆಳಗಿನ ಸಂದಿಗೆ ರಬ್ಬರು ಪಟ್ಟಿ ಹೊಡೆಯುವುದು, ಹೊರಗಿನ ಹುಳು ಸೆಳೆಯುವ ಬಿಳಿ ಬಲ್ಬು ತೆಗೆದು ಹಳದಿ ಹಾಕುವುದು, ಕಡೆಗೆ ಪಂಪು ಹಿಡಿದು ಸುತ್ತ ಔಷಧಿ ಹೊಡೆಯುವುದು. ಒಳಗಿನ ಕೆಲಸ ಕಿವಿಯದು. ಭಾವಮೈದ ಹೋದ ಮನೆಯವರನ್ನೆಲ್ಲ ಅಣಕಿಸುತ್ತಿದ್ದ, ಅವರ ಗೇಟು ಕಿರುಗುಟ್ಟುವುದನ್ನು ಸಹ. ಆಫೀಸಿನ ಮ್ಯಾನೇಜರು ಫೋನಿನಲ್ಲಿ ಬೈಯುವಾಗ ನಡುನಡುವೆ ಚಹಾ ಹೀರುವ ಸದ್ದನ್ನು ಅವನು ತೆಗೆದರೆ ಬಾಯಿಗೆ ಚಹಾ ಬಂದಂತಾಗುತ್ತಿತ್ತು. ಇವತ್ತು ಬೈಕಿನಲ್ಲಿ ಆ ಮ್ಯಾನೇಜರಾಗಿಯೇ ಕೆಲಸ ಒಪ್ಪಿಸಿದ. ‘ಅದೇ ಹಳೇ ಮನೆ ಕಣ್ರೀ. ಮೂರನೇ ಸಲ. ಜೀರುಂಡೆ ಇಲ್ಲ ಅಂತ ಇನ್ನೊಂದು ಚೀಟಿ ಬೇಕಂತೆ, ಬರೆದು ಬಿಸಾಕಿ ಬನ್ನಿ.’ ಚಹಾ ಹೀರಿದ. ಕಿವಿ ನಗಲಿಲ್ಲ. ಭಾವ, ಊಟ ಸೇರಲಿಲ್ವಾ ನಿನ್ನೆ, ಎಂದು ಕೇಳಿದ್ದಕ್ಕೆ ಗಾಳಿಗೆ ಕೇಳಿಸಲಿಲ್ಲ ಎಂಬಂತೆ ಸುಮ್ಮನಿದ್ದ. ಅದು ಅವನು ಈಚೆಗೆ ಕಲಿತ ಉಪಾಯ. ಕೇಳಿಸಿದ್ದಕ್ಕೂ ಕೇಳಿಸದವನಂತೆ ಇದ್ದುಬಿಟ್ಟರೆ ಯಾವುದು ಯಾವುದೆಂದು ಯಾರಿಗೂ ತಿಳಿಯುವುದಿಲ್ಲ.

ಆ ಮನೆಯಲ್ಲಿ ಇಬ್ಬರೇ. ತಾಯಿ ಹಿಂದೆ ಟೆಲಿಫೋನ್ ಆಪರೇಟರ್ ಆಗಿದ್ದವರು. ಮೂವತ್ತು ವರ್ಷ ತಲೆಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಊರಿನ ಮಾತನ್ನು ಈ ತೂತಿನಿಂದ ಆ ತೂತಿಗೆ ಜೋಡಿಸಿದವರು. ಮಗಳು ಆಸ್ಪತ್ರೆಯಲ್ಲಿ ನರ್ಸು, ರಾತ್ರಿ ಪಾಳಿ. ಜೀರುಂಡೆ ಹೆಚ್ಚು ಕೂಗುವುದು ರಾತ್ರಿ, ಆ ಹೊತ್ತಿಗೆ ಅವಳು ಮನೆಯಲ್ಲಿರುವುದಿಲ್ಲ. ಇರುವ ಹೊತ್ತಿಗೆ ಫ್ಯಾನು ಜೋರಾಗಿಟ್ಟು ಕಿವಿಗೆ ಹತ್ತಿ ತುರುಕಿಕೊಂಡು ಮಲಗಿರುತ್ತಾಳೆ. ಮೊದಲ ಸಲ ಹೋದಾಗ ತಾಯಿ ಬಾಗಿಲಲ್ಲೇ ನಿಂತು, ಒಂದೇ ಇರೋದು, ಗಂಡು, ಅಡಿಗೆಮನೆ ಕಡೆ, ಎಂದು ದೂರು ದಾಖಲಿಸುವವರ ಹಾಗೆ ಹೇಳಿದ್ದರು. ಕಿವಿ ಕುರ್ಚಿ ಹಾಕಿಕೊಂಡು ಇಪ್ಪತ್ತು ನಿಮಿಷ ಕೂತ. ಏನೂ ಕೇಳಿಸದೆ ಅಡಿಗೆಮನೆಯ ಸಂದಿಗಳಿಗೆಲ್ಲ ಅಂದಾಜಿಗೆ ಬಿಳಿ ಪುಡಿ ಊದಿ, ಅಂಟಿನ ಹಲಗೆ ಎರಡು ಇಟ್ಟು, ಕಂಪನಿಯ ಅಚ್ಚಿನ ಚೀಟಿಯಲ್ಲಿ ‘ಜೀವಂತ ಕೀಟ ಕಂಡುಬಂದಿಲ್ಲ’ ಎಂದು ಬರೆದು ಸಹಿ ಹಾಕಿದ. ಎರಡನೆಯ ಸಲ ತಾಯಿ ಅವನ ತೋಳು ಹಿಡಿದುಕೊಂಡರು. ಈಗ, ಈಗ ಕೂಗ್ತಾ ಇದೆ, ಕೇಳಿ, ಅಂದರು. ಅವರ ಬೆರಳುಗಳು ಒಣಗಿ ಬೆಚ್ಚಗಿದ್ದವು. ಮಗಳು ನಿದ್ದೆಗಣ್ಣಿನಲ್ಲಿ ಬಾಗಿಲಿಗೆ ಬಂದು ಹತ್ತಿ ತೆಗೆಯುತ್ತಿದ್ದಳು. ಅವಳ ಚಪ್ಪಲಿ ಎಳೆಯುವ ಸದ್ದಿಗೋ ಏನೋ, ನಿಂತುಹೋಯಿತು, ಅಂದರು ತಾಯಿ. ಮಗಳು ಅವನ ಮುಖ ನೋಡಿದಳು. ಆಗ ಅವನು ಆ ಮಾತು ಹೇಳಿದ. ‘ವಯಸ್ಸಾದವರಿಗೆ ಕಿವೀಲೇ ಒಂದು ಥರ ಗುಂಯ್ ಅಂತಿರುತ್ತೆ ಮೇಡಂ.’ ತನ್ನ ಕಿವಿಯನ್ನು ತೆಗೆದು ಅವರ ತಲೆಗೆ ಅಂಟಿಸಿಬಿಟ್ಟ. ಸೋಫಾದ ಮೇಲಿದ್ದ ಉಣ್ಣೆಯ ಶಾಲಿನಲ್ಲಿ ಬಟಾಣಿ ಗಾತ್ರದ ತೂತುಗಳಿದ್ದದ್ದನ್ನು ಅದೇ ಹೊತ್ತಿಗೆ ನೋಡಿದ್ದ. ಜೀರುಂಡೆ ಉಣ್ಣೆ ತಿನ್ನುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದಲ್ಲ. ಸಿಗಿದ ಬಟ್ಟೆಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ, ಶಾಲನ್ನು ಮಡಿಸಿ, ತೂತು ಒಳಗೆ ಬರುವ ಹಾಗೆ ಇಟ್ಟಿದ್ದ. ಆ ಮಡಿಕೆ ಇವತ್ತಿಗೂ ಅವನ ಕೈಯಲ್ಲಿದೆ. ಊಟಕ್ಕೆ ಕೂತಾಗ, ಅಂಗಿ ಮಡಿಸುವಾಗ, ಬೆರಳುಗಳು ತಾವಾಗಿ ಏನನ್ನೋ ಒಳಕ್ಕೆ ಮಡಿಸುತ್ತವೆ.

ಬಾಗಿಲು ತೆಗೆದವಳು ಮಗಳು. ಪಾಳಿ ಮುಗಿಸಿ ಬಂದು ಇನ್ನೂ ಬಟ್ಟೆ ಬದಲಿಸಿರಲಿಲ್ಲ. ತಗ್ಗಿದ ದನಿಯಲ್ಲಿ, ಅಮ್ಮನಿಗೆ ಕೇಳಿಸದಂತೆ, ವಿಷಯ ಹೇಳಿದಳು. ಎರಡು ತಿಂಗಳಿಂದ ಮಾತ್ರೆ ಶುರುವಾಗಿದೆ. ಒಲೆ ಹತ್ತಿಸಲು ಬಿಡುತ್ತಿಲ್ಲ, ಗ್ಯಾಸಿನ ಪೈಪು ಬೀಗದ ಒಳಗಿದೆ. ಶಾಲು, ಸ್ವೆಟರು ಎಲ್ಲ ಕಿತ್ತು ಕಿತ್ತು ತೂತು ಮಾಡಿಕೊಳ್ಳುತ್ತಾರೆ, ಕೇಳಿದರೆ ಜೀರುಂಡೆ ಅನ್ನುತ್ತಾರೆ. ಸೋಮವಾರ ಆರೈಕೆ ಕೇಂದ್ರಕ್ಕೆ ಸೇರಿಸುವುದು ಎಂದಾಗಿದೆ. ಅಲ್ಲಿಯ ಡಾಕ್ಟರು, ಮನೇಲಿ ನಿಜವಾಗ್ಲೂ ಕೀಟ ಇಲ್ಲ ಅನ್ನೋದಕ್ಕೆ ಏನಾದರೂ ಇದೆಯಾ ಎಂದು ಕೇಳಿದ್ದಾರೆ. ಹಳೆಯ ಚೀಟಿಗಳಿಗೆ ತಾರೀಖು ಹಳೆಯದಾಯಿತು. ‘ನನಗೂ ಒಂದು ಸಲ ಖಾತ್ರಿ ಆಗಬೇಕು,’ ಅಂದಳು. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಅವಳು ತಾಯಿಯನ್ನು ದೂರ ಮಾಡಲು ಕಾಯುತ್ತಿರುವವಳಲ್ಲ, ಯಾರಾದರೂ ಬೇಡವೆಂದರೆ ಸಾಕು ಎಂದು ನಿಂತವಳು. ಅದು ಅವನಿಗೆ ಕಂಡಿತು.  ಹಿಂದಿನ ಎರಡು ಚೀಟಿಗಳು ಫ್ರಿಜ್ಜಿನ ಬಾಗಿಲಿಗೆ ಅಂಟಿದ್ದವು, ಒಂದರ ಕೆಳಗೊಂದು, ಅವನ ಸಹಿಯ ಉದ್ದನೆಯ ಬಾಲ ಎರಡರಲ್ಲೂ ಒಂದೇ ಕಡೆ ಕೊಂಕಿತ್ತು.

ಭಾವಮೈದ ಪಂಪು ಹೆಗಲಿಗೇರಿಸಿ ಹಿತ್ತಲಿಗೆ ಹೋದ. ಕಿವಿ ಅಡಿಗೆಮನೆಯ ನಡುವೆ ಕುರ್ಚಿ ಹಾಕಿದ. ತಾಯಿ ಎದುರಿಗೆ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತರು. ಮಾತ್ರೆಯಿಂದಲೋ ಏನೋ ಅವರ ರೆಪ್ಪೆಗಳು ಭಾರವಾಗಿದ್ದವು, ತುಟಿ ಒಂದು ಬದಿ ಸಡಿಲವಾಗಿತ್ತು, ಮೊದಲ ಸಲದ ದೂರು ದಾಖಲಿಸುವ ದನಿ ಇರಲಿಲ್ಲ.  ಸ್ವಲ್ಪ ಹೊತ್ತಿನ ಮೇಲೆ ಮಡಿಲಲ್ಲಿದ್ದ ಬಲಗೈಯ ತೋರುಬೆರಳು ಮಾತ್ರ ಮೇಲೆದ್ದಿತು. ಇಳಿಯಿತು. ಮತ್ತೆ ಎದ್ದಿತು. ಅವನು ಕಣ್ಣು ಮುಚ್ಚಿದ. ಮುಚ್ಚಿದರೂ ಆ ಬೆರಳು ಏಳುತ್ತಿತ್ತು, ಇಳಿಯುತ್ತಿತ್ತು. ಹಿಂದೊಮ್ಮೆ, ಕಿವಿ ಸರಿಯಿದ್ದ ಕಾಲದಲ್ಲಿ, ಒಂದು ಮನೆಯ ಯಜಮಾನ ನಿಮಗೆ ಹೇಗೆ ಗೊತ್ತಾಗುತ್ತೆ ಎಂದು ಕೇಳಿದ್ದಕ್ಕೆ, ಅದು ನನ್ನನ್ನೇ ಕರೆಯುತ್ತೆ ಸಾರ್, ಅಂದಿದ್ದ. ಎಷ್ಟು ಸಲೀಸಾಗಿ ಅಂದಿದ್ದ. ಮಗಳು ಬಾಗಿಲಿನಾಚೆ ಹಾಲ್‌ನಲ್ಲಿ ಯಾರಿಗೋ ಫೋನು ಮಾಡುತ್ತಿದ್ದಳು, ಹಿತ್ತಲಲ್ಲಿ ಪಂಪು ಪುಸ್ ಪುಸ್ ಅನ್ನುತ್ತಿತ್ತು, ಅವನ ತಲೆಯೊಳಗೆ ಖಾಲಿ ಡಬ್ಬಿಯಂಥ ನಿಶ್ಶಬ್ದ. ಕಣ್ಣು ಬಿಟ್ಟ. ಬೆರಳು ಎದ್ದೇ ಇತ್ತು. ತಾಯಿ ಅವನನ್ನೇ ನೋಡುತ್ತಿದ್ದರು. ಸಿಟ್ಟಿನಿಂದಲ್ಲ, ಆ ಕಡೆಯಿಂದ ಉತ್ತರವಿಲ್ಲದ ಲೈನನ್ನು ಹಿಡಿದುಕೊಂಡು ಕೂತವರ ಹಾಗೆ.

ಮಗಳು ಫೋನಿಟ್ಟು ಒಳಗೆ ಬಂದಳು, ಅವಳ ಹೆಜ್ಜೆ ಸಪ್ಪಳಕ್ಕೆ ಬೆರಳು ತಟ್ಟನೆ ಇಳಿಯಿತು. ಹಿಂದೆಯೇ ಭಾವಮೈದನೂ ಪಂಪು ಹೊರಗಿಟ್ಟು ಕೈ ಒರೆಸುತ್ತ ಬಂದ, ಮೂವರ ಮುಖ ನೋಡಿದ. ಯಾವ ಮನೆಯಲ್ಲಾದರೂ ಮುಖಗಳು ಹೀಗೆ ಜೋತುಬಿದ್ದದ್ದು ಕಂಡರೆ ಅವನಿಗೆ ತಡೆಯುವುದಿಲ್ಲ. ಅವರಿಬ್ಬರದು ಒಂದು ಆಟವಿತ್ತು, ಮನೆಯವರಿಗೆ ನಂಬಿಕೆ ಬರಲಿ ಎಂದು ಆರು ವರ್ಷದಿಂದ ಆಡಿಕೊಂಡು ಬಂದದ್ದು. ಭಾವಮೈದ ಗಂಟಲನ್ನು ಉಬ್ಬಿಸಿ, ನಾಲಿಗೆಯನ್ನು ಮೇಲಕ್ಕೊತ್ತಿ, ಜೀರುಂಡೆಯನ್ನು ಕೂಗಿಸುತ್ತಾನೆ. ಜೀರುಂಡೆಗಳೇ ಮೋಸಹೋಗಿ ಉತ್ತರ ಕೊಟ್ಟದ್ದುಂಟು. ಮನೆಯವರು ಬೆಚ್ಚಿ ಗೋಡೆ ನೋಡುತ್ತಾರೆ. ಕಿವಿ ಮಾತ್ರ ತಣ್ಣಗೆ, ಅದು ಜೀರುಂಡೆಯಲ್ಲ, ನನ್ನ ಭಾವಮೈದ, ಅನ್ನುತ್ತಾನೆ. ಎಲ್ಲರೂ ನಗುತ್ತಾರೆ, ಕಿವಿಯ ಹೆಸರು ಇನ್ನೊಂದು ಬೀದಿಗೆ ಹೋಗುತ್ತದೆ. ಎಂಟು ತಿಂಗಳಿಂದ ಅವನು ಇದನ್ನು ಹೇಗೆ ನಿಭಾಯಿಸುತ್ತಿದ್ದನೆಂದರೆ, ಭಾವಮೈದನ ಗಂಟಲಿನ ಗಂಟನ್ನು ನೋಡುತ್ತಿದ್ದ. ಅದು ಮೇಲೆ ಹೋಗಿ ನಡುಗಿದರೆ ಕೂಗಿತು ಎಂದು ಲೆಕ್ಕ.

ಗಂಟಲಿನ ಗಂಟು ಮೇಲೆ ಹೋಯಿತು, ನಡುಗಿತು.

‘ಅದು ಜೀರುಂಡೆಯಲ್ಲ ಅಮ್ಮ,’ ಅಂದ ಕಿವಿ. ‘ನನ್ನ ಭಾವಮೈದ.’

ಯಾರೂ ಗೋಡೆ ನೋಡಿರಲಿಲ್ಲ. ಯಾರೂ ಬೆಚ್ಚಿರಲಿಲ್ಲ. ಮಗಳು ಯಾವುದು ಎಂಬಂತೆ ಹುಬ್ಬು ಗಂಟಿಕ್ಕಿದಳು. ಭಾವಮೈದ ಹೊಟ್ಟೆ ಹಿಡಿದುಕೊಂಡು ನಕ್ಕ. ‘ಭಾವ, ಈ ಸಲ ನಾನು ಬರೀ ಗಂಟಲು ಕುಣಿಸಿದ್ದು. ಸದ್ದೇ ಮಾಡಿಲ್ಲ.’ ನಗು ಅರ್ಧಕ್ಕೆ ಬಂದಾಗ ಅವನ ಕಣ್ಣು ಭಾವನ ಮುಖದ ಮೇಲೆ ನಿಂತಿತು. ಅಲ್ಲೇನು ಕಂಡನೋ, ನಗುವಿನ ಉಳಿದರ್ಧ ಬಾಯಲ್ಲೇ ಉಳಿಯಿತು. ಅಕ್ಕನ ಗಂಡ ಈಚೆಗೆ ಬೈಕಿನಲ್ಲಿ ಮಾತಾಡದ್ದು, ಮೂರು ಮನೆಗಳಿಂದ ದೂರು ಬಂದದ್ದು, ಒಂದೊಂದೂ ಅವನ ಮುಖದಲ್ಲಿ ಬಂದು ಕೂರುವುದನ್ನು ಕಿವಿ ನೋಡಿದ. ಒಂದು ಕ್ಷಣ ಅಷ್ಟೆ. ಆಮೇಲೆ ಭಾವಮೈದ ಮಗಳ ಕಡೆ ತಿರುಗಿ, ನಾವಿಬ್ಬರೂ ಸೇರಿ ಆಡೋ ಆಟ ಮೇಡಂ, ಭಾವನಿಗೆ ಮೊದಲೇ ಗೊತ್ತಿತ್ತು, ಬೇಜಾರು ಮಾಡ್ಕೋಬೇಡಿ, ಎಂದು ಸರಾಗವಾಗಿ ಸುಳ್ಳು ಹೇಳಿದ. ಭಾವನಿಗೆ ಪಾರಾಗುವ ಬಾಗಿಲು ತೆರೆದುಕೊಟ್ಟ. ಹೊರಗೆ ಹೋಗಲು ಕಿವಿ ಒಂದು ಹುಸಿನಗೆ ನಕ್ಕಿದ್ದರೆ ಸಾಕಿತ್ತು. ಮಗಳು ಸುಸ್ತಾದ ಮುಗುಳ್ನಗೆ ನಕ್ಕು, ಹಾಗಾದರೆ ಏನೂ ಇಲ್ಲ ತಾನೇ, ಎಂದು ಚೀಟಿಯ ಪುಸ್ತಕವನ್ನೂ ಪೆನ್ನನ್ನೂ ಅವನ ಮುಂದಿಟ್ಟಳು.

ಅವನು ಕೂತು ತಾರೀಖು ಬರೆದ. ಮನೆಯ ನಂಬರು ಬರೆದ. ‘ಜೀವಂತ’ ಎಂದು ಬರೆದ. ಪೆನ್ನು ಚೆನ್ನಾಗಿ ಬರೆಯುತ್ತಿತ್ತು. ಎದುರಿಗೆ ತಾಯಿ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡು ಕೂತಿದ್ದರು, ಬೆರಳುಗಳನ್ನು ಒಳಗೆ ಮಡಿಸಿ. ಅವರು ತಿಳಿದುಕೊಂಡಿದ್ದರು. ಗಂಟಲು ಕುಣಿದಾಗ ಅವರು ನೋಡಿದ್ದು ಭಾವಮೈದನನ್ನಲ್ಲ, ಇವನನ್ನು. ತಿಳಿದೂ ಬಾಯಿ ಬಿಡಲಿಲ್ಲ. ತಮ್ಮ ಮಾತಿಗೆ ಈ ಮನೆಯಲ್ಲಿ ಈಗ ಎಷ್ಟು ಬೆಲೆಯಿದೆ ಎಂಬುದೂ ಅವರಿಗೆ ಗೊತ್ತಿದ್ದಂತಿತ್ತು. ಹೀಗೆ ಎಷ್ಟೋ ಜನರ ಗುಟ್ಟನ್ನು ಮೂವತ್ತು ವರ್ಷ ಕೇಳಿ ನುಂಗಿಕೊಂಡವರು ಇದೊಂದನ್ನೂ ನುಂಗಿಕೊಂಡು ಸೋಮವಾರ ಚೀಲ ಹಿಡಿದು ಹೊರಡುತ್ತಾರೆ. ಹೋಗಲಿ. ಕಂಪನಿಯಲ್ಲಿ ಅವನಿಗೆ ಇನ್ನೂ ಒಂಬತ್ತು ವರ್ಷವಿದೆ. ಕಿವಿಯಿಲ್ಲದ ಕಿವಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಎಲ್ಲರಿಗೂ ಒಂದಲ್ಲ ಒಂದು ದಿನ ಹೋಗುವಂಥದ್ದು, ಅವನಿಗೆ ಸ್ವಲ್ಪ ಬೇಗ ಹೋಗಿದೆ, ಅದರಲ್ಲಿ ತಪ್ಪೇನು ಎಂದು ಅವನು ತನಗೇ ಎಷ್ಟು ಸಲ ಹೇಳಿಕೊಂಡಿದ್ದ. ಹೋದದ್ದರಲ್ಲಿ ತಪ್ಪಿರಲಿಲ್ಲ. ಪೆನ್ನನ್ನು ಕಾಗದದ ಮೇಲೆ ಮಲಗಿಸಿದ.

‘ಮೇಡಂ, ನನಗೆ ಕೇಳಿಸೋದಿಲ್ಲ.’

ಏನು ಕೇಳಿಸೋದಿಲ್ಲ, ಎಂದು ಮಗಳು ದನಿ ಏರಿಸಿ ಕೇಳಿದಳು.

‘ನೀವು ಆಡೋದು ಕೇಳಿಸುತ್ತೆ. ಜೀರುಂಡೆ ಕೇಳಿಸೋದಿಲ್ಲ. ಎಂಟು ತಿಂಗಳಾಯ್ತು. ಈ ಮನೆಗೆ ಬಂದ ಮೂರು ಸಲವೂ ಕೇಳಿಸಿಲ್ಲ. ಆ ಚೀಟಿ ಎರಡೂ ಸುಳ್ಳು. ಶಾಲಿನ ತೂತು ಜೀರುಂಡೆದೇ. ಅವತ್ತೇ ನೋಡಿದ್ದೆ. ನೋಡಿ ಮುಚ್ಚಿಟ್ಟೆ.’

ಭಾವಮೈದ ನೆಲ ನೋಡುತ್ತಿದ್ದ.  ಮಗಳು ಕೂಗಾಡಿದ್ದರೆ ತಾಳಿಕೊಳ್ಳಬಹುದಿತ್ತು. ಫ್ರಿಜ್ಜಿನ ಬಳಿ ಹೋಗಿ ಎರಡೂ ಚೀಟಿ ಕಿತ್ತಳು. ಹರಿಯಲಿಲ್ಲ, ಮತ್ತೊಮ್ಮೆ ಓದಿದಳು, ಓದಿ ಕಟ್ಟೆಯ ಮೇಲೆ ಮಗುಚಿಟ್ಟಳು. ‘ಎರಡು ತಿಂಗಳು,’ ಅಂದಳು. ‘ನಾನೇ ಕೈಯಾರೆ ಮಾತ್ರೆ ಕೊಟ್ಟಿದೀನಿ. ನುಂಗಿದ್ರಾ ಅಂತ ನಾಲಿಗೆ ಎತ್ತಿಸಿ ನೋಡಿದೀನಿ.’ ಅದನ್ನು ಹೇಳಿದ್ದು ಕಿವಿಗಲ್ಲ. ಅವನು ಎದ್ದು ನಿಂತಿದ್ದ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ. ತಪ್ಪಾಯ್ತು ಎಂಬ ಮಾತು ಬಾಯಿಯವರೆಗೆ ಬಂದು, ಇದಕ್ಕೆ ಅದು ತೀರ ಚಿಕ್ಕದೆನಿಸಿ, ಅಲ್ಲೇ ನಿಂತಿತು.

‘ಪುಟ್ಟಿ, ಅಳೋದು ಬೈಯೋದು ಆಮೇಲೆ,’ ಅಂದರು ತಾಯಿ. ‘ಫ್ಯಾನ್ ಆರಿಸು. ಎಲ್ಲರೂ ಒಂದು ಕಡೆ ಕೂತ್ಕೊಳ್ಳಿ. ಯಾರೂ ಅಲ್ಲಾಡಬೇಡಿ.’

ನಾಲ್ವರೂ ಕೂತರು. ಮಗಳು ನೆಲದ ಮೇಲೆ, ತಾಯಿಯ ಕುರ್ಚಿಗೆ ಒರಗಿ. ಹಾಲ್‌ನ ಫ್ಯಾನು ಸುತ್ತಿ ಸುತ್ತಿ ನಿಂತಿತು. ಕಿವಿ ಮೊದಲ ಬಾರಿಗೆ ಕಣ್ಣು ಮುಚ್ಚದೆ ಕೂತ. ಬೀದಿಯಲ್ಲಿ ಯಾರೋ ಗಾಡಿ ಶುರುಮಾಡಿ ಹೋದರು. ಮತ್ತೂ ಸ್ವಲ್ಪ ಹೊತ್ತಾಯಿತು. ಆಮೇಲೆ ಅವನೆದುರಿಗೆ ಮೂರು ತಲೆಗಳು, ಯಾರೋ ಒಂದೇ ದಾರದಿಂದ ಎಳೆದಂತೆ, ಒಟ್ಟಿಗೆ ಸಿಂಕಿನ ಕಡೆ ತಿರುಗಿದವು. ಅವನಿಗೆ ಏನೂ ಕೇಳಿಸಲಿಲ್ಲ. ಮಗಳ ಬಾಯಿ ತೆರೆದದ್ದು ಕಂಡಿತು. ಅವಳು ತಲೆಯನ್ನು ತಾಯಿಯ ಮೊಣಕಾಲಿಗೆ ಆನಿಸಿ ಹಾಗೇ ಇದ್ದುಬಿಟ್ಟಳು, ತಾಯಿಯ ಕೈ ಅವಳ ಕೂದಲ ಮೇಲೆ ಬಂತು. ಭಾವಮೈದ ಎಲ್ಲಿಯಾದರೂ ಒಂದು ನಗೆಮಾತು ಸಿಗುತ್ತದೋ ಎಂದು ಹುಡುಕುವವನಂತೆ ಕಿಟಕಿಯಾಚೆ ನೋಡಿದ.

ಹಿಡಿಯುವ ಕೆಲಸ ಉಳಿದಿತ್ತು. ಕಿವಿ ಮೊಣಕಾಲೂರಿ ಸಿಂಕಿನ ಕೆಳಗಿನ ಬಾಗಿಲು ತೆರೆದ. ತಾಯಿ ಕುರ್ಚಿಯಲ್ಲೇ ಕೂತು ದಾರಿ ಹೇಳಿದರು. ಅವನು ಚಲಿಸಿದರೆ ಅದು ಸುಮ್ಮನಾಗುತ್ತಿತ್ತು. ಅವನು ಕಲ್ಲಿನಂತೆ ನಿಲ್ಲಬೇಕು, ಅದು ಮತ್ತೆ ಶುರುಮಾಡಬೇಕು, ಅವರು ಹೇಳಬೇಕು. ‘ಎಡಕ್ಕೆ… ನಿಲ್ಲಿ. ಲೈನ್‌ನಲ್ಲೇ ಇರಿ. ಹ್ಞಾಂ, ಇನ್ನೂ ಒಳಗೆ.’ ದನಿಯಲ್ಲಿ ಮಾತ್ರೆಯ ಜೋಮು ಇನ್ನೂ ಇತ್ತು, ಆದರೆ ತಡವರಿಕೆ ಇರಲಿಲ್ಲ. ನೀರಿನ ಪೈಪು ಗೋಡೆಯೊಳಗೆ ಹೋಗುವಲ್ಲಿ ಸಿಮೆಂಟು ಉದುರಿ ಒಂದು ಬೆರಳಗಲ ಬಾಯಿ ತೆರೆದಿತ್ತು, ಪೈಪು ಸಣ್ಣಗೆ ಒಸರಿ ಒಳಗೆಲ್ಲ ತೇವ. ಪಕ್ಕದಲ್ಲಿ ಕಾಳುಮೆಣಸಿನ ಪುಡಿ ಚೆಲ್ಲಿದಂತೆ ಅದರ ಹಿಕ್ಕೆ. ಮೊದಲ ದಿನವೇ ಬಗ್ಗಿ ನೋಡಿದ್ದರೆ ಕಣ್ಣಿಗಾದರೂ ಕಾಣುತ್ತಿತ್ತು. ಕಿವಿಯ ಜಂಬ ಅವನನ್ನು ಬಗ್ಗಲು ಬಿಟ್ಟಿರಲಿಲ್ಲ. ಪುಡಿ ಊದುವ ರಬ್ಬರು ಬುರುಡೆಯ ಮೂತಿಯನ್ನು ಸಂದಿಗಿಟ್ಟು ಅದುಮಿದ. ಬಿಳಿ ಧೂಳು ಅವನ ಮುಖಕ್ಕೇ ತಿರುಗಿ ಹೊಡೆಯಿತು. ಕಣ್ಣು ಮುಚ್ಚಿ ಕೆಮ್ಮಿದ.

ಮತ್ತೆ ಕಲ್ಲಿನಂತೆ ನಿಂತು, ಏನಾದರೂ ಕೇಳ್ತಾ ಅಮ್ಮ, ಎಂದು ಕೇಳಿದ.

‘ಇನ್ನೂ ಒಳಗೆ ಹೋಗಿ,’ ಅಂದರು ತಾಯಿ.

ಅವನು ಭುಜ ತೂರಿಸಿದ. ಬಲಕ್ಕೆ ಅಂದರು, ಬಲಕ್ಕೆ ಹೊರಳಿದ. ಅಲ್ಲ, ಇನ್ನೂ ಕೆಳಗೆ, ಕೆನ್ನೆ ನೆಲಕ್ಕೆ ತಾಗಲಿ, ಅಂದರು, ತಾಗಿಸಿದ. ತೇವದ ನೆಲ ತಣ್ಣಗಿತ್ತು, ಮೂಗಿಗೆ ಪುಡಿಯ ವಾಸನೆ. ಎಡಗೈ ಹಿಂದಕ್ಕೆ ಚಾಚಿ ಅಂದರು. ಯಾಕೆಂದು ಕೇಳದೆ ಚಾಚಿದ. ಏನು ಹೇಳಿದರೂ ಮಾಡಲು ಅವನು ಸಿದ್ಧನಿದ್ದ, ಸಾಯಂಕಾಲದವರೆಗೆ ಹೀಗೇ ಬಿದ್ದಿರಲು ಸಿದ್ಧನಿದ್ದ. ಹಿಂದಿನಿಂದ ಯಾರೋ ಮೂಗಿನಲ್ಲಿ ಉಸಿರು ಬಿಟ್ಟಂತಾಯಿತು, ಮತ್ತೆ ಯಾರೋ ಬಾಯಿಗೆ ಸೆರಗು ತುರುಕಿದಂತೆ. ಅವನಿಗೆ ಆ ಸದ್ದು ಕೇಳಿಸಿತು. ಕೇಳಿಸುವಂಥ ಸದ್ದೇ ಅದು.

‘ಅಮ್ಮ, ಅದು ಎಲ್ಲಿದೆ ಈಗ?’

‘ನಿಮ್ಮ ಬೆನ್ನ ಮೇಲೆ. ಅಂಗೀಲಿ ಬರೆದಿರೋ ಕಂಪನಿ ಹೆಸರಿನ ಮೇಲೆ ಕೂತಿದೆ. ನೀವು ಕೆಮ್ಮಿದಾಗಲೇ ಹಾರಿ ಬಂದು ಹತ್ತಿತು.’

ಮೊದಲು ಸಿಡಿದವಳು ಮಗಳು. ಅಯ್ಯೋ ಅಮ್ಮ, ಅಂದಳು, ಅಮ್ಮ ನೀನು, ಅಂದಳು, ಮುಂದೆ ಹೇಳಲಾಗದೆ ನಗು ಅಳುವಾಗಿ ಮತ್ತೆ ನಗುವಾಯಿತು. ಅವಳ ಚಿಕ್ಕಂದಿನಲ್ಲಿ ಈ ಅಮ್ಮ ಹೀಗೇ ಇದ್ದಳೆಂದು, ಫೋನಿನಲ್ಲಿ ದನಿ ಬದಲಿಸಿ ಅವಳನ್ನೇ ಎಷ್ಟೋ ಸಲ ಬೇಸ್ತು ಬೀಳಿಸಿದ್ದಳೆಂದು ಆ ಮುಖ ನೋಡಿದರೆ ಯಾರಾದರೂ ಹೇಳಬಹುದಿತ್ತು. ತಾಯಿ ತುಟಿ ಬಿಗಿಹಿಡಿದು ಗಂಭೀರವಾಗಿರಲು ನೋಡಿ ಸೋತರು. ಭಾವಮೈದ ಯಾರನ್ನೂ ಅಣಕಿಸಲು ತೋಚದೆ ತನ್ನದೇ ನಗು ನಕ್ಕ. ಕಿವಿ ತಲೆ ಎತ್ತಲು ಹೋಗಿ ಸಿಂಕಿನ ತಳಕ್ಕೆ ಢಣ್ಣೆಂದು ಹೊಡೆದುಕೊಂಡ. ಬೆನ್ನ ಮೇಲಿದ್ದದ್ದು ಹಾರಿತು. ಗಾಜಿನ ಲೋಟ ಎತ್ತಿಕೊಂಡು ಭಾವಮೈದ ಅದರ ಹಿಂದೆ ನೆಗೆದ. ಕಿವಿ ಹಿಮ್ಮುಖವಾಗಿ ತೆವಳಿ ಹೊರಗೆ ಬಂದು, ಮುಖದ ತುಂಬ ಬಿಳಿ ಪುಡಿ ಮೆತ್ತಿಕೊಂಡು ಆ ಇಬ್ಬರು ಹೆಂಗಸರ ಎದುರು ನೆಲದ ಮೇಲೆ ಕಾಲು ಚಾಚಿ ಕೂತ. ಒಳಗಿನಿಂದ ಏನೋ ಎದ್ದು ಬಂತು. ಕೆಮ್ಮು ಎಂದುಕೊಂಡ, ಅಲ್ಲ. ಅವನು ನಕ್ಕ, ಪಕ್ಕೆ ನೋಯುವಷ್ಟು, ಪುಡಿಯಲ್ಲಿ ಕಣ್ಣೀರು ಗೆರೆ ಕೊರೆಯುವಷ್ಟು, ಅವರ ಮೂವರ ನಗುವೂ ಅದರಲ್ಲಿ ಮುಳುಗಿಹೋಗುವಷ್ಟು ಜೋರಾಗಿ.